ಎಡಕ್ಕೆ ನೋಡಿದ ಬುರುಡೆ

ಹಚ್ಚೆ ಹಾಕುವವಳಿಗೆ ತಲೆಬುರುಡೆ ಎಂದರೆ ತರಕಾರಿಯವನಿಗೆ ಈರುಳ್ಳಿ ಇದ್ದ ಹಾಗೆ. ಬಾಯಲ್ಲಿ ಗುಲಾಬಿ ಕಚ್ಚಿದ್ದರೆ ಪ್ರೀತಿ, ಕಣ್ಣಿನ ಗುಳಿಯಲ್ಲಿ ಗಡಿಯಾರವಿದ್ದರೆ ಆಯಸ್ಸು ಎಂದು ಗಿರಾಕಿಗಳಿಗೆ ಬುರುಡೆ ಬಿಟ್ಟುಕೊಂಡು, ತಾನು ಒಂದನ್ನೂ ನಂಬದೆ ಇಷ್ಟು ವರ್ಷ ಅಂಗಡಿ ನಡೆಸಿದ್ದಳು. ಇವತ್ತು ತಮ್ಮನ ಬೆನ್ನಿನ ರಕ್ತ ಒರೆಸಿ ನೋಡಿದವಳು ಮತ್ತೊಮ್ಮೆ ಒರೆಸಿ ನೋಡಿದಳು. ಬುರುಡೆ ಎಡಕ್ಕೆ ಮುಖ ಮಾಡಿತ್ತು.

ಅಚ್ಚಿನ ಹಾಳೆಯ ಚಿತ್ರ ಚರ್ಮಕ್ಕೆ ಇಳಿಯುವಾಗ ಎಡಬಲ ಅದಲುಬದಲಾಗುತ್ತದೆ, ಅದಕ್ಕೇ ಮೊದಲು ಉಲ್ಟಾ ಬರೆದುಕೊಳ್ಳಬೇಕು. ಈ ಕೆಲಸದ ಅ ಆ ಇ ಈ ಅದು. ಅದನ್ನೇ ಮರೆತಿದ್ದಳು.

ತಮ್ಮ ಮೊಬೈಲ್ ಟವರ್ ಹತ್ತುವವನು. ಹೋದ ವಾರ ಕಾಲು ಜಾರಿ, ಹಗ್ಗದಲ್ಲಿ ನೇತಾಡಿ, ಹೇಗೋ ಬದುಕಿ ಬಂದಿದ್ದ. ನಾಳೆ ಮತ್ತೆ ಹತ್ತಬೇಕು. ಅವರ ತಂಡದಲ್ಲಿ ಬಲಕ್ಕೆ ನೋಡುವ ಬುರುಡೆ ಎಂದರೆ ಸಾವನ್ನು ಕಂಡು ಇಳಿದು ಬಂದವನು. ಎಡಕ್ಕೆ ನೋಡಿದರೆ ಬಿದ್ದು ಸತ್ತವನು, ಅದನ್ನು ಸತ್ತವರ ನೆನಪಿಗೆ ಮಾತ್ರ ಹಾಕಿಸಿಕೊಳ್ಳುತ್ತಾರೆ. ಅದೇ ತಂಡದಲ್ಲಿದ್ದು ಟವರಿನಿಂದ ಬಿದ್ದು ಸತ್ತ ಇವರ ಅಪ್ಪನ ನೆನಪಿಗೆ ತಂಡದ ಮೇಸ್ತ್ರಿಯ ತೋಳಿನ ಮೇಲೆ ಅಂಥದ್ದೊಂದಿದೆ. ಅದನ್ನು ಹಾಕಿದವಳೂ ಇವಳೇ.

ತಮ್ಮ ಎದ್ದು ಗೋಡೆಯ ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿದ. ಕನ್ನಡಿಯಲ್ಲಿ ಬುರುಡೆ ಬಲಕ್ಕೇ ನೋಡುತ್ತಿತ್ತು.

"ಅಕ್ಕಾ, ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣೇ!"

ಅವಳು ಸೂಜಿ ಕೆಳಗಿಟ್ಟಳು. ಸುಮ್ಮನಿದ್ದುಬಿಡಲೇ? ನಂಬದ ಅರ್ಥಕ್ಕೆ ಹೆದರುವುದೇಕೆ? ಹಾಗೆಂದುಕೊಂಡರೂ ಕಣ್ಣು ಅವನ ಬೆನ್ನು ಬಿಟ್ಟು ಕದಲಲಿಲ್ಲ.

"ಒಂದು ಫೋಟೋ ತೆಗಿ. ನಮ್ಮ ಹುಡುಗ್ರಿಗೆ ಕಳಿಸ್ತೀನಿ," ಎಂದು ಅವನು ಫೋನು ಕೊಟ್ಟು ತಿರುಗಿ ನಿಂತ.

ಪರದೆಯ ಮೇಲೆ ಬುರುಡೆ ಎಡಕ್ಕೆ ನೋಡಿತು. ಫೋಟೋಗೆ ಕನ್ನಡಿಯಷ್ಟು ಕರುಣೆ ಇಲ್ಲ.

"ಕಳಿಸ್ಬೇಡ ಕಣೋ," ಎಂದಳು. "ಉಲ್ಟಾ ಆಗೋಗಿದೆ. ನನ್ನಿಂದ ತಪ್ಪಾಯ್ತು."

ಅವನು ಫೋನು ಕಿತ್ತುಕೊಂಡು ನೋಡಿದ. 

"ಇದನ್ನ ನೋಡಿದ್ರೆ ನಾಳೆ ನನ್ನ ಹಗ್ಗ ಹಿಡಿಯೋಕೆ ಒಬ್ಬನೂ ಬರಲ್ಲ. ಇನ್ನು ಯಾವತ್ತೂ ಬರಲ್ಲ." ಆಮೇಲೆ ಅವಳ ಮುಖವನ್ನೇ ದಿಟ್ಟಿಸಿದ. "ಅಕ್ಕಾ, ಬೇಕಂತಲೇ ಮಾಡಿದ್ಯಾ?"

"ಛೇ, ಇಲ್ಲ ಕಣೋ! ನಿನ್ನ..."

ನಿನ್ನಾಣೆ ಎನ್ನಲು ಹೊರಟಿದ್ದಳು. ಹೋದ ವಾರದಿಂದ ಅವಳಿಗೆ ನಿದ್ದೆಯಿರಲಿಲ್ಲ, ಅವನು ಹತ್ತದಿದ್ದರೆ ಸಾಕು ಎಂದು ದಿನವೂ ಬೇಡಿಕೊಂಡಿದ್ದಳು. ನಿಜಕ್ಕೂ ಮರೆತಳೋ, ಕೈಯೇ ತನಗೆ ತೋಚಿದ್ದು ಮಾಡಿತೋ, ಅವಳಿಗೇ ಗೊತ್ತಿರಲಿಲ್ಲ. ಆಣೆ ಸುಳ್ಳಾದರೆ ತಟ್ಟುವುದು ಅವನಿಗೆ. ಯಾವುದನ್ನೂ ನಂಬದ ಅಕ್ಕ ಬಾಯಿ ಮುಚ್ಚಿಕೊಂಡಳು.