ಗುರುಪಾದ ಬೇಟೆಯಾಡಿದ ಮೊಲ

ನನ್ನ ಮೈದುನನ ಮಗ ಗುರುಪಾದ ಬೇಟೆಗಾರನಾದದ್ದು ಹೋದ ಭಾನುವಾರ, ನಮ್ಮ ಅಂಗಳದಲ್ಲಿ. ಅದಕ್ಕೂ ಮೊದಲು ಅವನು ಹೊಡೆದದ್ದೆಂದರೆ ಸೊಳ್ಳೆ ಮಾತ್ರ.

ಅವನ ಅಜ್ಜ, ಅಂದರೆ ನನ್ನ ಮಾವ, ಬಲೆ ಹಾಕಿ ಕಾಡುಮೊಲ ಹಿಡಿಯುತ್ತಿದ್ದವನು. ಹಿಡಿದರೆ ಜೈಲು ಎಂಬ ಕಾಯ್ದೆ ಬಂದಾಗ ಬಲೆಯನ್ನು ಆಡಿನ ದೊಡ್ಡಿಗೆ ಬೇಲಿ ಮಾಡಿ ಕಟ್ಟಿ ಸುಮ್ಮನಾದ. ಊರು ಮಾತ್ರ ಅವನ ಹೆಸರನ್ನು ಇನ್ನೂ ಹೇಳುತ್ತದೆ. ಆ ಹೆಸರು ಪುಕ್ಕಟೆ ಸಿಕ್ಕರೆ ತನಗಿರಲಿ ಎಂದು ಗುರುಪಾದನ ಆಸೆ. ಅಫಜಲಪುರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು ಕೂತವನು ‘ಬೇಟೆಗಾರನ ಮೊಮ್ಮಗ’ ಎಂದು ಫೋನಿನಲ್ಲೊಂದು ಚಾನೆಲ್ ತೆರೆದಿದ್ದ. ಆ ಭಾನುವಾರ ಮಾಂಸ ಹಿಡಿದುಕೊಂಡು ನನ್ನ ಬಳಿ ಬಂದ.

ಬೇಟೆಯ ಮಾಂಸವನ್ನು ನಾವು ಅಡುಗೆಮನೆಯೊಳಗೆ ತರುವುದಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬೇಟೆ ತಂದವನೇ ಒಲೆ ಹೊತ್ತಿಸಬೇಕು. ಆಮೇಲೆ ಉರಿ ಸಣ್ಣಗೆ ಕಾಯುವುದು ಹೆಂಗಸರ ಪಾಲು. ಗುರುಪಾದ ಕಡ್ಡಿಪೆಟ್ಟಿಗೆ ಅರ್ಧ ಖಾಲಿ ಮಾಡಿದ. ಹೊಗೆ ಬಂತು, ಬೆಂಕಿ ಬರಲಿಲ್ಲ.

ಪಕ್ಕದ ಮನೆಯ ಮಲ್ಕಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. “ಯಪ್ಪಾ ಬೇಟೆಗಾರ, ಆ ಮೊಲ ನಿನ್ನ ನೋಡಿ ನಕ್ಕೋತ ಸತ್ತಿತೇನೋ?”

“ನಿನಗೇನ್ ತಿಳಿತದ ಬೇ, ಸುಮ್ಮನ ಕೂಡು,” ಎಂದ ಗುರುಪಾದ.

ಒಲೆ ನಾನೇ ಹೊತ್ತಿಸಿದೆ. ಮಣ್ಣಿನ ಗಡಿಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರಿದು, ಮಸಾಲೆ ಖಾರ ಹಾಕಿ ಮಾಂಸದ ಚೀಲ ಬಿಚ್ಚಿದೆ.

“ಗುರುಪಾದ್ಯಾ, ಇದು ಕೋಳಿ ಕಂಡಂಗ ಬೆಳ್ಳಗದಲ್ಲೋ. ಕಾಡಮೊಲದ್ದು ಕಡುಕೆಂಪು ಇರ್ತದ.”

“ಮೆಲ್ಲಕ ಮಾತಾಡು ದೊಡ್ಡವ್ವ, ಲೈವ್ ಶುರು ಮಾಡಾಕತ್ತೇನಿ.”

ಫೋನನ್ನು ಮುಖದ ಮುಂದೆ ಹಿಡಿದು ದನಿ ದಪ್ಪ ಮಾಡಿಕೊಂಡ. “ಘತ್ತರಗಿ ಕಡಿ ಭೀಮಾ ನದಿ ದಂಡ್ಯಾಗ ರಾತ್ರಿಪೂರ್ತಿ ಹೊಂಚು ಹಾಕಿ, ಈ ಕೈಲೆ ಹಿಡದ ಮೊಲ ಇದು. ಕಾಡಮಾಂಸ ಸಂಜೀತನ ಕುದಿಬೇಕು, ಆಗ ಅದರ ರುಚಿ.”

ಆ ರಾತ್ರಿಪೂರ್ತಿ ಅವನ ಗೊರಕೆಯನ್ನು ಗೋಡೆಯಾಚೆಯಿಂದ ಕೇಳಿದವಳು ನಾನು.

ಒಂದು ಕುದಿ ಬರುವಷ್ಟರಲ್ಲಿ ಮಾಂಸ ಎಲುಬು ಬಿಟ್ಟಿತು. ಪಂಜರದಲ್ಲಿ ಕೂತು ಮೇವು ತಿಂದ ಮೊಲಕ್ಕೆ ಗಟ್ಟಿತನ ಎಲ್ಲಿಂದ ಬರಬೇಕು? ನಾನು ಇಳಿಸಲು ಹೋದೆ.

“ಇಳಸಬ್ಯಾಡ, ದೊಡ್ಡವ್ವ. ಇಷ್ಟ ಲಗೂ ಬೆಂದ್ರ ನೋಡೋ ಮಂದಿ ನಂಬ್ತಾರೇನು?”

“ಕರಗಿ ಹೋಗ್ತದೋ.”

“ಹೋಗ್ಲಿ.”

ನನಗೇನು ಅವಸರ? ಒಂದೊಂದೇ ತೊಗರಿಕಟ್ಟಿಗೆ ಒಲೆಗೆ ಕೊಡುತ್ತ ಕೂತೆ. ಸಂಜೆಯ ಹೊತ್ತಿಗೆ ಗಡಿಗೆಯಲ್ಲಿದ್ದದ್ದು ಅಂಬಲಿ. ಅದನ್ನೂ ಸೌಟಿನಲ್ಲಿ ಎತ್ತಿ ಫೋನಿಗೆ ತೋರಿಸಿ, “ಅಜ್ಜನ ಹದ” ಎಂದ. ನನ್ನ ಮಾವ ಬದುಕಿದ್ದರೆ ಅದನ್ನು ನಾಯಿಗೆ ಹಾಕುವ ಮೊದಲು ನಾಯಿಯ ಕ್ಷಮೆ ಕೇಳುತ್ತಿದ್ದ.

ಅಷ್ಟರಲ್ಲಿ ಬಾಗಿಲ ಮುಂದೆ ಜೀಪು ನಿಂತಿತು. ಲೈವ್ ನೋಡಿದವರು ಯಾರೋ ಫಾರೆಸ್ಟಿನವರಿಗೆ ಹೇಳಿದ್ದರು. ಇಬ್ಬರು ಇಳಿದರು. ಹಿರಿಯವನು ಗಡಿಗೆಯೊಳಗೆ ಬಗ್ಗಿ ನೋಡಿದ. ಗುರುತು ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ಒಂದಿಷ್ಟನ್ನು ತಪಾಸಣೆಗೆಂದು ಬಾಟಲಿಗೆ ಹಾಕಿಕೊಂಡ.

“ಆಯೀ, ಇದು ಕಾಡಮೊಲ ಹೌದೇನ್ರಿ?”

“ನಾ ಬೇಯಿಸಿದಾಕಿ ರಿ. ಹಿಡದಾವ ಅಲ್ಲಿ ನಿಂತಾನ, ಅವನ್ನೇ ಕೇಳ್ರಿ.”

ಅಲ್ಲವೆಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಸತ್ತವನ ಹೆಸರನ್ನು ಕದ್ದವನು ತಾನೇ ಕೆಳಗಿಡಲಿ ಎಂದು ಕಾದೆ. ಓಣಿಯೆಲ್ಲ ಕಟ್ಟೆಗೆ ಬಂದಿತ್ತು. ಗುರುಪಾದ ಮಲ್ಕಮ್ಮನನ್ನು ನೋಡಿದ, ಜೀಪನ್ನು ನೋಡಿದ. ಬೇಟೆಗಾರನಾಗಿ ಉಳಿದರೆ ಜೈಲು, ಅಲ್ಲವೆಂದರೆ ಓಣಿಯ ನಗೆ. ಅಷ್ಟು ಹೊತ್ತು ಅವನು ಯೋಚಿಸಿದ್ದನ್ನು ನಾನು ಎಂದೂ ಕಂಡಿಲ್ಲ.

“ನಡಿ, ಜೀಪ್ ಹತ್ತು,” ಎಂದ ಹಿರಿಯವನು.

“ಸಾಹೇಬ್ರ, ಅದು ಸಾಕಿದ ಮೊಲ ರಿ. ಜೇವರಗ್ಯಾಗ ಏಜಾಜ ಭಾಯಿ ಮಾರ್ತಾರ. ಬೇಕಾದ್ರ ಫೋನ್ ಹಚ್ಚಿ ಕೇಳ್ರಿ.”

ಹಿರಿಯವನು ಕೇಳಿದ. ಏಜಾಜ ಹೌದೆಂದ, ಕೊಟ್ಟ ರಸೀದಿಯ ಫೋಟೋ ಕಳಿಸಿದ. ಹಿರಿಯವನು ತನ್ನ ಫೋನನ್ನು ಜೇಬಿಗಿಟ್ಟು ಗುರುಪಾದನ ಫೋನಿನ ಕಡೆ ಕೈ ತೋರಿಸಿದ.

“ರಿಪೋರ್ಟ್ ಬರೂತನ ಊರು ಬಿಡಬ್ಯಾಡ. ಈಗ ಅದನ್ನ ಚಾಲೂ ಮಾಡು. ಹಿಡದೇನಂತ ಊರಿಗೆಲ್ಲ ಹೇಳೀದಿ, ಹಿಡದಿಲ್ಲಂತ ಊರಿಗೆಲ್ಲ ಹೇಳು. ಇಲ್ಲಂದ್ರ ನಿನ್ನ ನೋಡಿ ಹತ್ತು ಮಂದಿ ಬಲೆ ಹಿಡದು ಹೊಂಟಾರು.”

ಗುರುಪಾದ ಫೋನು ಎತ್ತಿದ. ಈ ಸಲ ದನಿ ದಪ್ಪಗಾಗಲಿಲ್ಲ.

“ಅದು... ಸಾಕಿದ ಮೊಲ ರಿ. ರೊಕ್ಕ ಕೊಟ್ಟು ತಂದೀನಿ.”

“ಕೊಯ್ದವ್ರು ಯಾರು?” ಹಿರಿಯವನು ಪಕ್ಕದಿಂದ ಕೇಳಿದ.

“ಏಜಾಜ ಭಾಯಿ ರಿ.”

“ಆವಾಗ ನೀ ಏನ್ ಮಾಡಾಕತ್ತಿದ್ದಿ?”

“ನನಗ ನೋಡ್ಲಿಕ್ಕ ಆಗೂದಿಲ್ರಿ. ಹೊರಗ ನಿಂತು ಚಾ ಕುಡದೆ.”