ಅಪ್ಪ ಹಾಕಿದ ಪಿನ್ನು

ಅಪ್ಪನ ದೇಹವನ್ನು ವ್ಯಾನಿಗೆ ಏರಿಸುತ್ತಿರುವಾಗಲೇ ಮಗಳ ಜೇಬಿನಲ್ಲಿ ಫೋನು ಮತ್ತೆ ಬಡಕೊಳ್ಳತೊಡಗಿತು. ಕಾಲಿನ ಕಡೆ ಹಿಡಿದಿದ್ದಳು, ಕೈ ಬಿಡುವಂತಿರಲಿಲ್ಲ. ಒಳಗಿಟ್ಟ ಮೇಲೆ ನೋಡಿದರೆ ಅಪ್ಪ ಕೊನೆಯದಾಗಿ ಕೆಲಸಕ್ಕೆ ಹೋಗಿದ್ದ ಕಟ್ಟಡದ ಅದೇ ಮ್ಯಾನೇಜರು.

"ಈ ಹೊತ್ತಲ್ಲಿ ಕೇಳಬಾರದು, ಗೊತ್ತಮ್ಮ. ಆ ಮಷೀನ್ ರೂಮಲ್ಲಿ ಮತ್ತೆ ವೈರು ಸುಟ್ಟ ವಾಸನೆ. ಊರಿನ ಆಂಬುಲೆನ್ಸ್ ಕರೆಯೆಲ್ಲ ಆ ಮಷೀನುಗಳಿಂದಾನೇ ಹೋಗೋದು. ಬೆಂಕಿ ಹತ್ತಿದ್ರೆ ಆರಿಸೋ ಗ್ಯಾಸ್ ಬರಲ್ಲ. ನಿಮ್ಮಪ್ಪ ಹಾಕಿದ ಪಿನ್ನು ಹಾಗೇ ಇದೆ."

"ಯಾರಾದ್ರೂ ತೆಗೀರಿ ಸಾರ್."

"ಯಾರೂ ಮುಟ್ಟಲ್ಲ ಅಂತಾರೆ. ಬೇರೆಯವರ ಪಿನ್ನು ಮುಟ್ಬೇಡಿ ಅಂತ ಎಲ್ರಿಗೂ ಪಾಠ ಹೇಳಿದ್ದು ಅವರೇ ಅಲ್ವಾ?"

*

ನೀರು ಬಿದ್ದರೆ ಕೆಟ್ಟುಹೋಗುವ ಯಂತ್ರಗಳ ಕೋಣೆಗೆ ಗ್ಯಾಸ್ ಸಿಲಿಂಡರು ಜೋಡಿಸುವುದು ಅಪ್ಪನ ಕಸುಬು. ಬೆಂಕಿ ಎದ್ದರೆ ಗ್ಯಾಸು ನುಗ್ಗಿ ಕೋಣೆಯ ಗಾಳಿಯನ್ನು ಹೊರದೂಡುತ್ತದೆ. ಬೆಂಕಿ ಉಸಿರುಕಟ್ಟಿ ಆರುತ್ತದೆ. ಒಳಗೆ ಮನುಷ್ಯನಿದ್ದರೆ ಅವನ ಪಾಡು ದೇವರಿಗೇ ಪ್ರೀತಿ. ಅದಕ್ಕೇ ಒಳಹೋಗುವವನು ಬಾಗಿಲ ಹೊರಗಿರುವ ಸಿಲಿಂಡರಿನ ತಲೆಗೆ ಪಿನ್ನು ಸಿಕ್ಕಿಸಿ ಗ್ಯಾಸನ್ನು ಕಟ್ಟಿಹಾಕುತ್ತಾನೆ. ಹೊರಬಂದು ತಾನೇ ಕೀಳುತ್ತಾನೆ.

ತಾನೂ ಅದೇ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಗಳು ಉಪಕಾರ ಮಾಡಲು ಹೋಗಿ ಅಪ್ಪನ ಪಿನ್ನು ಕಿತ್ತಿದ್ದಳು. ಅಪ್ಪ ಒಳಗೇ ಇದ್ದ. ಹೊರಬಂದವನ ಮುಖದಲ್ಲಿ ರಕ್ತವಿರಲಿಲ್ಲ.

"ನೀನು ಹೋದೆ ಅಂದ್ಕೊಂಡೆ ಅಪ್ಪ."

"ಅಂದ್ಕೊಂಡೆ ಅನ್ನೋ ಮಾತು ನಮ್ಮಲ್ಲಿಲ್ಲ. ಪಿನ್ನು ಹಾಕಿದವನು ಹೊರಗಿರೋದನ್ನ ಕಣ್ಣಾರೆ ನೋಡ್ಬೇಕು. ಆಮೇಲೆ ಕೈ ಹಾಕು."

ಮನೆಗೆ ಬಂದು ಅಮ್ಮನಿಗೆ ಮಾತ್ರ ನಗುತ್ತಲೇ ಹೇಳಿದ: "ಇವತ್ತು ನಿನ್ನ ಮಗಳು ನನ್ನ ಕತೆ ಮುಗಿಸ್ತಿದ್ಲು ಕಣೇ."

ಅಮ್ಮ ನಕ್ಕಿರಲಿಲ್ಲ.

*

"ಹೆಣ ಬಾಗಿಲಲ್ಲಿದೆ, ನೀನು ಡ್ಯೂಟಿಗೆ ಹೊರಟ್ಯಾ? ತಲೆ ನೆಟ್ಟಗಿದೆಯಾ?" ದೊಡ್ಡಪ್ಪ ಗದರಿದ.

ಮಗಳು ಅಮ್ಮನ ಕಡೆ ತಿರುಗಿದಳು. "ಅಪ್ಪ ಆ ರೂಮೊಳಗೇ ಬಿದ್ದದ್ದು. ನಾನು ಬೇರೆ ಕಡೆ ಕೆಲಸದಲ್ಲಿದ್ದೆ. ಹೊರಗೆ ಬಂದದ್ದನ್ನ ನಾನು ನೋಡಲೇ ಇಲ್ಲಮ್ಮ."

ಇದೆಂಥ ಹುಚ್ಚು ಮಾತೆಂದು ಅವಳಿಗೂ ಗೊತ್ತಿತ್ತು. ಅಮ್ಮ ಮೂಗು ಒರೆಸಿಕೊಂಡು ಡ್ರೈವರನ ಪಕ್ಕ ಹತ್ತಿ ಕೂತಳು.

"ಆ ದಾರೀಲೇ ಹೋಗಪ್ಪ," ಎಂದಳು.

"ಏನಮ್ಮಾ, ನೀನೂ ಅವಳ ಜೊತೆ ಕುಣೀತೀಯಲ್ಲ!"

"ಬೇರೆಯವರ ಮನೇಲಿ ಹೆಣ ಬೀಳೋದು ಬೇಡ ಭಾವ," ಎಂದಳು ಅಮ್ಮ. ದೊಡ್ಡಪ್ಪ ಹಿಂದೆ ಹತ್ತಿದ.

ಕಟ್ಟಡದ ಮುಂದೆ ವ್ಯಾನು ನಿಲ್ಲುವ ಮೊದಲೇ ಮಗಳು ಇಳಿದು ಓಡಿದಳು. ಮೊಗಸಾಲೆಯಲ್ಲೇ ವಾಸನೆ ಗಂಟಲಿಗೆ ಅಡರಿತು. ಕಾವಲಿನವನು ಮಾರು ದೂರ ನಿಂತು ಕೈ ತೋರಿಸಿದ. ಕೋಣೆಯೊಳಗೆ ಹೋಗಿ ಮೂಲೆಮೂಲೆ ನೋಡಿದಳು, ಯಾರೂ ಇಲ್ಲ. ಹೊರಬಂದು ಬಾಗಿಲೆಳೆದು, ರಸ್ತೆಯ ಕಡೆಯ ಕಿಟಕಿಯ ಪಕ್ಕದ ಸಿಲಿಂಡರಿನ ಮುಂದೆ ನಿಂತಳು. ಪಿನ್ನಿಗೆ ಬೆರಳು ಸಿಕ್ಕಿಸಿದಳು. ಕೋಣೆಯೊಳಗೆ ಏನೋ ಚಟಚಟ ಅಂದಿತು.

ಕೈ ಬರಲಿಲ್ಲ. ಕಾವಲಿನವನು ಬೇಗ ಬೇಗ ಅನ್ನುತ್ತಿದ್ದ. ಕಿತ್ತರೆ ಅಪ್ಪ ಒಳಗೇ ಉಳಿದುಬಿಡುತ್ತಾನೆ ಎಂದೇ ಅನ್ನಿಸುತ್ತಿತ್ತು.

"ಇಲ್ಲಿ ನೋಡೇ!"

ಅಮ್ಮನ ಕೂಗು. ಮಗಳು ಕಿಟಕಿಯತ್ತ ತಿರುಗಿದಳು. ರಸ್ತೆಯಲ್ಲಿ ವ್ಯಾನಿನ ಹಿಂಬಾಗಿಲು ಎರಡೂ ತೆರೆದಿದ್ದವು. ಹಿಂದೆ ಬಸ್ಸೊಂದು ಹಾರ್ನು ಹೊಡೆಯುತ್ತಿತ್ತು. ಅಮ್ಮ ಅಪ್ಪನ ಮುಖದ ಮೇಲಿನ ಬಟ್ಟೆ ಸರಿಸಿ, ಗಾಳಿಗೆ ಮತ್ತೆ ಮುಚ್ಚದಂತೆ ಮುಷ್ಟಿಯಲ್ಲಿ ಹಿಡಿದು, ಮಗಳು ತಲೆಯಾಡಿಸುವವರೆಗೂ ಹಾಗೇ ನಿಂತಿದ್ದಳು.