ಸೋಮವಾರದ ಹಾಳೆ

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದರ್ಜಿ ಮಲ್ಲೋಜಿಯ ಗೋಡೆಯಲ್ಲಿ ಅಂಥದೊಂದು ಇತ್ತು. ಬೆಳಗ್ಗೆ ಹಿಂದಿನ ದಿನದ ಹಾಳೆ ಹರಿಯದೆ ಅವನು ಸೂಜಿ ಮುಟ್ಟುತ್ತಿರಲಿಲ್ಲ. ಅದು ಬೀದಿಗೆಲ್ಲ ಗೊತ್ತಿದ್ದ ಸಂಗತಿ.

ಆಗ ನಾನು ಹೊಸ ಡಾಕ್ಟರು; ಓದಿದ್ದೆಲ್ಲ ತಲೆಯಲ್ಲಿತ್ತು, ಕಾಲು ಮಾತ್ರ ನೆಲದ ಮೇಲಿರಲಿಲ್ಲ. ಕಡುಬೇಸಿಗೆಯ ಒಂದು ಬುಧವಾರ, ಒಂಟಿಯಾಗಿದ್ದ ಮಲ್ಲೋಜಿಯ ಕೋಣೆಯ ಚಿಲಕ ಮುರಿದು ಅವನ ಹೆಣ ತಂದರು. ಸೂರು, ಬಾಗಿಲು ಎರಡೂ ತಗಡಿನವು. ಮೈ ಊದಿ, ಕಪ್ಪಿಟ್ಟು, ಚರ್ಮ ಸುಲಿಯುತ್ತಿತ್ತು. ಹೃದಯ ನಿಂತು ಸತ್ತಿದ್ದ, ಅನುಮಾನವಿರಲಿಲ್ಲ. ಯಾವಾಗ ಎಂಬುದಷ್ಟೇ ಪ್ರಶ್ನೆ. ಚಳಿದೇಶದವರು ಬರೆದ ಪುಸ್ತಕ ತೆರೆದು ನೋಡಿ, ಶನಿವಾರ ಎಂದು ಬರೆದೆ.

ಹೊರಗೆ ಕಾದಿದ್ದ ಮಗಳು ಅನಸೂಯಾ ಅದನ್ನು ಕೇಳಿ ಕುಸಿದು ಕುಳಿತಳು. ತನ್ನಿಷ್ಟದಂತೆ ಮದುವೆಯಾದಳೆಂದು ಅಪ್ಪ ಆರು ವರ್ಷ ಮಾತು ಬಿಟ್ಟಿದ್ದ.

"ಭಾನುವಾರ ಬಂದಿದ್ದೆ ಡಾಕ್ಟ್ರೇ. ಒಂದು ಗಂಟೆ ಬಾಗಿಲು ಬಡಿದೆ. ಇನ್ನೂ ಕೋಪ ಇಳಿದಿಲ್ಲ ಅಂದ್ಕೊಂಡು ಹೋದೆ. ಬೇಕಂತ ತೆಗೀದೆ ಇದ್ದಿದ್ದಲ್ಲ, ಅಲ್ವಾ?"

"ಅಲ್ಲಮ್ಮ" ಎಂದೆ. ಎಷ್ಟು ಧೈರ್ಯವಾಗಿ ಅಂದೆ! ಅವಳು ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು.

ಅವಳು ಹೋದ ಮೇಲೆ ಶವಾಗಾರದ ಮುನಿಶಾಮಿ ಕೈ ತೊಳೆಯುತ್ತಾ, "ಆ ತಗಡಿನ ಕೆಳಗೆ ಶನಿವಾರದ ಹೆಣ ಇಷ್ಟಾದ್ರೂ ಉಳೀತಿತ್ತಾ ಸಾರ್? ಈ ಬಿಸ್ಲಿಗೆ ಇದು ಎರಡೇ ದಿನದ್ದು" ಎಂದ. ಮೂವತ್ತು ವರ್ಷ ಹೆಣ ಎತ್ತಿದ ಕೈ ಅದು.

ಸಂಜೆ ಮಲ್ಲೋಜಿಯ ಕೋಣೆಗೆ ಹೋದೆ. ಅನಸೂಯಾ ಗುಡಿಸುತ್ತಿದ್ದಳು. ಹೊಲಿಗೆ ಯಂತ್ರದ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರು ಸೋಮವಾರ ತೋರಿಸುತ್ತಿತ್ತು. ಭಾನುವಾರ ಮಲ್ಲೋಜಿ ಬದುಕಿದ್ದ. ಬಾಗಿಲು ಬಡಿಯುವುದನ್ನು ಕೇಳುತ್ತಾ ಒಳಗೇ ಕುಳಿತಿದ್ದ.

ಹಾಳೆ ಕಾಣದಂತೆ ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಮುಚ್ಚಬೇಡಿ ಡಾಕ್ಟ್ರೇ" ಎಂದಳು, ಪೊರಕೆ ನಿಲ್ಲಿಸದೆ. "ಬಂದ ತಕ್ಷಣಾನೇ ನೋಡ್ದೆ."

"ನಾನು ಬರೆದದ್ದು ತಪ್ಪಮ್ಮ. ತಿದ್ದುತ್ತೇನೆ."

"ಬೇಡ. ನನ್ನ ಗಂಡ, ಮಕ್ಕಳಿಗೆ ಶನಿವಾರಾನೇ ಇರ್ಲಿ." ಪೊರಕೆ ಮೂಲೆಗಿಟ್ಟು ಅಪ್ಪನ ಸ್ಟೂಲಿನ ಮೇಲೆ ಕುಳಿತಳು. "ಒಂದು ಉಪಕಾರ ಮಾಡಿ. ಹೊರಗೆ ಹೋಗಿ ಒಂದ್ಸಲ ಬಾಗಿಲು ಬಡೀರಿ. ಇಲ್ಲಿಗೆ ಎಷ್ಟು ಕೇಳ್ಸುತ್ತೆ ನೋಡ್ತೀನಿ."

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬಿಸಿಲಿಗೆ ಕಾದ ತಗಡು ಇನ್ನೂ ಸುಡುತ್ತಿತ್ತು. ಎಷ್ಟು ಮೆಲ್ಲಗೆ ಬಡಿಯಬಹುದೋ ಅಷ್ಟು ಮೆಲ್ಲಗೆ, ಒಂದೇ ಬೆರಳಿನಿಂದ ಬಡಿದೆ. ಇಡೀ ಕೋಣೆ ಮೊಳಗಿತು.